ಹದಿನೆಂಟನೇ ಗೇಟು: ಕಾಲ್‌ಬುಕ್ಕಿನ ಗೆರೆ

ಕಿಟಕಿಯ ಸರಳಿಗೆ ಏನೋ ತಾಗಿದ ಸದ್ದು. ಎರಡು ಸಲ. ಸ್ವಲ್ಪ ಬಿಟ್ಟು ಮತ್ತೆ ಎರಡು ಸಲ.

ಬಾಗಿಲು ಬಡಿದದ್ದಲ್ಲ. ರೈಲ್ವೆ ಕಾಲನಿಯಲ್ಲಿ ರಾತ್ರಿ ಬಾಗಿಲು ಬಡಿಯುವವರಿಲ್ಲ. ಡ್ಯೂಟಿ ಮುಗಿಸಿ ಬಂದು ಮಲಗಿದವರು ಅಕ್ಕಪಕ್ಕದಲ್ಲಿ ಇದ್ದೇ ಇರುತ್ತಾರೆ. ಅದಕ್ಕೇ ಡ್ರೈವರುಗಳನ್ನು ಕರೆಯಲು ಬರುವ ಕಾಲ್‌ಮನ್ ತನ್ನ ಪೆನ್ಸಿಲ್ಲಿನ ಹಿಂಬದಿಯಿಂದ ಕಿಟಕಿಯನ್ನು ತಟ್ಟುತ್ತಾನೆ, ಆ ಮನೆಯವರಿಗಷ್ಟೇ ಕೇಳುವಂತೆ. ಯಾವ ಗಾಡಿ, ಎಷ್ಟು ಗಂಟೆಗೆ ಎಂದು ಬರೆದ ಕಾಲ್‌ಬುಕ್ಕನ್ನು ಮುಂದೆ ಚಾಚುತ್ತಾನೆ. ಅದರಲ್ಲಿ ಸಹಿ ಬಿದ್ದರೆ ಕರೆ ಮುಟ್ಟಿದಂತೆ.

ಚಾಪೆಯ ಮೇಲೆ ಸಾವಂತ್ರಮ್ಮ ಕಣ್ಣು ತೆರೆದಳು. ಈ ಮನೆಗೆ ಕರೆ ಬರುವಂತಿರಲಿಲ್ಲ.

ಮನೆಯ ಯಜಮಾನ, ಡ್ರೈವರ್ ಕಾಡಸಿದ್ದಪ್ಪ, ಸಸ್ಪೆಂಡ್ ಆಗಿ ಹನ್ನೆರಡು ದಿನವಾಗಿತ್ತು. ಕೊಳಗಲ್ಲಿನ ಕಡೆಯ ಬಂಡಿದಾರಿ ಹಳಿ ದಾಟುವ ಹದಿನೆಂಟನೇ ಗೇಟಿನಲ್ಲಿ, ನಸುಕಿನ ಮೂರು ಗಂಟೆಗೆ, ಅವನ ಗೂಡ್ಸ್ ಗಾಡಿ ಕೆಂಪು ದೀಪವಿದ್ದರೂ ನಿಲ್ಲದೆ ನುಗ್ಗಿತ್ತು. ಬಂಡಿ ಹೊಡೆಯುತ್ತಿದ್ದ ಮರಿಬಸಪ್ಪ, ಹಿಂದೆ ಕೂತಿದ್ದ ಅವನ ತಂಗಿ ಜಡೆಮ್ಮ, ಇಬ್ಬರೂ ಸತ್ತಿದ್ದರು. ಸೋಮವಾರ ಹತ್ತಕ್ಕೆ ಇಲಾಖೆಯ ವಿಚಾರಣೆ. ಕಾಡಸಿದ್ದಪ್ಪನ ನೌಕರಿ ಇರುತ್ತದೋ ಹೋಗುತ್ತದೋ ಅಲ್ಲಿ ತೀರ್ಮಾನ. ಅಲ್ಲಿ ಬರೆದದ್ದನ್ನೇ ಪೊಲೀಸರೂ ಕೋರ್ಟಿಗೆ ಒಯ್ಯುತ್ತಾರೆ.

ಸತ್ತವರ ಕಡೆಯವರು ಒಂದು ದಿನ ಮನೆ ಮುಂದೆ ಬಂದು, ಏನೂ ಮಾತಾಡದೆ ಸಂಜೆತನಕ ಕೂತು ಹೋದರು. ಅಂದಿನಿಂದ ಕಾಡಸಿದ್ದಪ್ಪ ಕುರುಗೋಡಿನಲ್ಲಿ ಅಕ್ಕನ ಮನೆ ಸೇರಿದ್ದ. ಹೆಂಡತಿ ಕೊಟ್ರಮ್ಮನಿಗೆ ಒಬ್ಬಳೇ ಇರಲು ಭಯ. ಅದಕ್ಕೇ ಸಾವಂತ್ರಮ್ಮ ಇಂದು ಇಲ್ಲಿ ಮಲಗಿದ್ದಳು. ರೈಲ್ವೆಯ ರಜೆ ವಿಭಾಗದಲ್ಲಿ ಅವಳು ಗುಮಾಸ್ತೆ. ಇಲಾಖೆಯ ವಿಚಾರಣೆಗೆ ವಕೀಲರು ಬರುವಂತಿಲ್ಲ. ಆಪಾದಿತನು ನೌಕರರಲ್ಲೇ ಒಬ್ಬರನ್ನು ತನ್ನ ಪರ ಮಾತಾಡಲು ಆರಿಸಿಕೊಳ್ಳಬಹುದು. ಕಾಡಸಿದ್ದಪ್ಪ ಅವಳನ್ನು ಆರಿಸಿಕೊಂಡಿದ್ದ.

ಮತ್ತೆ ಕಿಟಕಿ ಸದ್ದಾಯಿತು.

ಕೊಟ್ರಮ್ಮ ಎದ್ದಳು. ಎದ್ದಳು ಎನ್ನುವುದಕ್ಕಿಂತ ಅವಳ ದೇಹ ಎದ್ದಿತು ಎನ್ನಬೇಕು. ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಚಿಲಕ ತೆಗೆದು ಕೈ ಹೊರಗೆ ಚಾಚಿದಳು. ಕಂದೀಲಿನ ಬೆಳಕಿನಲ್ಲಿ ಪುಸ್ತಕ ಅವಳ ಕೈಗೆ ಬಂತು. ದಾರಕ್ಕೆ ಕಟ್ಟಿದ ನೀಲಿ ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು. ಪುಸ್ತಕವನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ಗಂಡನ ಸಹಿ ಹಾಕಿದಳು. ಕೈ ಎತ್ತಿ, ಹೆಸರಿನ ಕೆಳಗೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದಳು.

ಹೊರಗಿನ ಕಂದೀಲು ಸ್ವಲ್ಪ ಮೇಲೆದ್ದಿತು.

"ಯವ್ವಾ," ಎಂದ ಹೊರಗಿದ್ದ ಮುದುಕ, "ಇದು ನಿಮ್ಮನಿ ಕಾಲ್ ಅಲ್ಲ. ಬಾಜೂ ಮನೀದು. ನಾ ನಿನ್ನ ಕೂಡ ಮಾತಾಡಾಕ ಬಂದೀನಿ."

ಕೊಟ್ರಮ್ಮನ ನಿದ್ದೆ ಆಗ ಹರಿಯಿತು. ಕೈಯಲ್ಲಿದ್ದ ಪುಸ್ತಕ ನೋಡಿದಳು. ತಿರುಗಿ ಚಾಪೆಯ ಕಡೆ ನೋಡಿದಳು. ಸಾವಂತ್ರಮ್ಮ ಎದ್ದು ಕೂತಿದ್ದಳು.

"ಅಕ್ಕಾರ, ನೀವು ಮಲಗಿದ್ರಿ ಅನ್ಕೊಂಡೆ."

"ಮಲಗಿದ್ದೆ," ಎಂದಳು ಸಾವಂತ್ರಮ್ಮ. "ಪುಸ್ತಕ ಇಲ್ಲಿ ಕೊಡ್ರಿ."

ಕಂದೀಲು ಹತ್ತಿರ ತಂದು ನೋಡಿದಳು. ಪೆನ್ಸಿಲ್ಲಿನ ಒದ್ದೆ ತುದಿ ಮೊದಲು ಮುಟ್ಟಿದ ಕಡೆ ಬಣ್ಣ ಗಾಢವಾಗಿ, ಮುಂದೆ ಹೋದಂತೆ ತಿಳಿಯಾಗುತ್ತದೆ. ಗೆರೆಯ ಎಡತುದಿ ಕಡುನೀಲಿ. ಬಲತುದಿ ಕಂಡೂ ಕಾಣದಂತಿತ್ತು.

ಹದಿನೈದು ವರ್ಷ ರಜೆ ಅರ್ಜಿ ನೋಡಿದವಳು ಅವಳು. ಯಾರ ಸಹಿ ಹೇಗೆ ಎಂಬುದು ಅವಳಿಗೆ ಬಾಯಿಪಾಠ. ಕಾಡಸಿದ್ದಪ್ಪ ಹೆಸರು ಬರೆದು ಮುಗಿಸಿ, ಕೈ ಎತ್ತದೆ, ಕೊನೆಯ ಅಕ್ಷರದಿಂದಲೇ ಬಲದಿಂದ ಎಡಕ್ಕೆ ಗೆರೆ ಎಳೆಯುತ್ತಿದ್ದ. ಅಪಘಾತದ ರಾತ್ರಿಯ ಕಾಲ್‌ಬುಕ್ಕನ್ನು ವಿಚಾರಣೆಯವರು ಷೆಡ್ಡಿನಿಂದ ತರಿಸಿ ಅವಳಿಗೆ ಹತ್ತು ನಿಮಿಷ ತೋರಿಸಿದ್ದರು. ಆ ಹಾಳೆಯಲ್ಲಿದ್ದ ಗೆರೆ ಎಡದಿಂದ ಬಲಕ್ಕೆ ಹೋಗಿತ್ತು.

ಈ ಸಹಿ ಅವನದಲ್ಲ ಎಂದು ಆಗಲೇ ಅವಳಿಗೆ ಖಾತ್ರಿಯಾಗಿತ್ತು. ಇಡೀ ಪ್ರಕರಣವನ್ನು ಅವಳು ಆ ಒಂದು ಗೆರೆಯ ಮೇಲೆ ನಿಲ್ಲಿಸಿದ್ದಳು.

ಆ ಗೆರೆ ಎಳೆದ ಕೈ ಈಗ ಎದುರಿಗೇ ಸೆರಗು ಹಿಂಡುತ್ತ ನಿಂತಿತ್ತು.

"ಒಳಗ ಬಾ ಓಬಣ್ಣ," ಎಂದಳು ಸಾವಂತ್ರಮ್ಮ. "ಏನು ಮಾತು?"

ಕಾಲ್‌ಮನ್ ಓಬಣ್ಣ ಹೊಸ್ತಿಲ ಒಳಗೆ ಕುಕ್ಕರಗಾಲಲ್ಲಿ ಕೂತ. ಮೂರು ತಿಂಗಳಿಗೆ ಅವನ ನಿವೃತ್ತಿ. "ಅಮ್ಮಾರ, ಇವತ್ತು ಸಂಜಿಗೆ ವಿಜಿಲೆನ್ಸಿನವ್ರು ಷೆಡ್ಡಿಗೆ ಬಂದಿದ್ರು. ಸುಂಕಣ್ಣನ್ನ ಸಸ್ಪೆಂಡ್ ಮಾಡಿ ಹೋದ್ರು."

ಸುಂಕಣ್ಣ ಎಂಜಿನ್ ಷೆಡ್ಡಿನ ಗುಮಾಸ್ತ. ಕಾಲ್‌ಬುಕ್ಕು ಇರುವುದು ಅವನ ಸುಪರ್ದಿಯಲ್ಲಿ.

"ಯಾರೋ ಸಹಿ ಇಲ್ಲದ ಅರ್ಜಿ ಹಾಕ್ಯಾರಂತ. ಸುಂಕಣ್ಣ ಹಾಳಿ ಬದಲಿ ಮಾಡ್ಯಾನ, ಡ್ರೈವರ್ ಸಹಿ ತಾನ ಹೊಡದಾನ ಅಂತ. ನನ್ನ ಕರದು ಕೇಳಿದ್ರು, ಆ ರಾತ್ರಿ ಡ್ರೈವರ್ ತನ್ನ ಕೈಯಾರ ಸಹಿ ಹಾಕಿದ್ನೇನು ಅಂತ. ನಾ ಹೌದು ಅಂದೆ. ಮತ್ತೇನನ್ಲಿ? ಹೆಂಡ್ತಿ ಹಾಕಿದ್ಲು ಅಂದ್ರ, ನೀ ಯಾಕ ಹಾಕಿಸ್ದಿ ಅಂತ ನನ್ನ ಕುತ್ತಿಗಿಗೆ ಬರ್ತೈತಿ. ಈ ಕಾಲನ್ಯಾಗ ಯಾವ ಹೆಣ್ಣುಮಗಳು ಹಾಕಂಗಿಲ್ಲ ಹೇಳ್ರಿ. ಗಂಡ ಇನ್ನ ಹತ್ತು ನಿಮಿಷ ಮಲಗ್ಲಿ ಅಂತ ಎಲ್ಲಾರೂ ಹಾಕ್ತಾರ. ಇಪ್ಪತ್ತು ವರ್ಷದಿಂದ ನಾ ನೋಡೀನಿ, ಕೆಲವ್ರ ಸಹಿ ಗಂಡಸರಿಗಿಂತ ಚೆಂದ ಇರ್ತಾವ."

ಕೊಟ್ರಮ್ಮ ತಲೆ ತಗ್ಗಿಸಿದಳು.

"ಸೋಮವಾರ ನಾ ಏನ್ ಹೇಳ್ಲಿ ಅಮ್ಮಾರ? ಅದನ್ನ ಕೇಳಾಕ ಬಂದೆ."

"ಸೋಮವಾರದ ಮಾತು ಸೋಮವಾರ," ಎಂದಳು ಸಾವಂತ್ರಮ್ಮ. ಅವಳ ಧ್ವನಿ ಅವಳಿಗೇ ಬೇರೆಯವರದಂತೆ ಕೇಳಿಸಿತು. "ಬಾಜೂ ಮನಿ ಕಾಲ್ ತಡ ಆಗ್ತೈತಿ, ಹೋಗು."

ಓಬಣ್ಣ ಪುಸ್ತಕ ತೆಗೆದುಕೊಂಡು ಹೋದ. ಕಿಟಕಿಯ ಸದ್ದು ಪಕ್ಕದ ಮನೆಯಲ್ಲಿ ಕೇಳಿಸಿತು.

ಸಹಿಯಿಲ್ಲದ ಆ ಅರ್ಜಿ ಬರೆದವಳು ಸಾವಂತ್ರಮ್ಮ. ಕಳೆದ ಮಂಗಳವಾರ, ಎಲ್ಲರೂ ಮನೆಗೆ ಹೋದ ಮೇಲೆ, ಆಫೀಸಿನಲ್ಲೇ ಕೂತು ಟೈಪ್ ಮಾಡಿದ್ದಳು. ಹೆಸರು ಹಾಕಲು ಧೈರ್ಯ ಬಂದಿರಲಿಲ್ಲ. ಹಾಳೆ ಬದಲಿಸಿದವರು ಪುಸ್ತಕವನ್ನೇ ಮಾಯ ಮಾಡಿಯಾರು, ಅದಕ್ಕೆ ಮೊದಲು ಅದು ಜಪ್ತಿಯಾಗಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಅದು ಯಾರಿಗೂ ಗೊತ್ತಿರಲಿಲ್ಲ. ಕೊಟ್ರಮ್ಮನಿಗೂ.

"ಹೇಳ್ರಿ," ಎಂದಳು ಸಾವಂತ್ರಮ್ಮ, ಕೊಟ್ರಮ್ಮನ ಕಡೆ ತಿರುಗಿ.

"ಏನು ಹೇಳ್ಲಿ ಅಕ್ಕಾರ. ಮದಿವಿ ಆದ ವರ್ಷದಿಂದ ನಾನ ಹಾಕ್ತೀನಿ."

"ಆ ರಾತ್ರಿನೂ?"

"ಹಾಕೀನಿ."

"ಮತ್ತ ನಿಮ್ಮನಿಯವ್ರು ನನಗ ಹೇಳಿದ್ದೇನು? 'ವಿಶ್ರಾಂತಿ ಸಾಲದು, ಒತ್ತಾಯಕ್ಕ ಹೋಗ್ತೀನಿ' ಅಂತ ಪುಸ್ತಕದಾಗ ನನ್ನ ಕೈಯಾರ ಬರದೀನಿ ಅಂದ್ರು. ನಾಕು ತಾಸೂ ಮಲಗಾಕ ಬಿಡ್ಲಿಲ್ಲ ಅಂದ್ರು."

ಕೊಟ್ರಮ್ಮ ಒಲೆಯ ಕಡೆ ನೋಡಿದಳು. "ಅವರು ಮಲಗಿದ್ರು. ನಾ ಸಹಿ ಹಾಕಿ, ಆಮ್ಯಾಲೆ ಎಬ್ಬಿಸಿದೆ."

"ಎಷ್ಟೊತ್ತಿಗೆ ಮಲಗಿದ್ರು?"

"ಉಂಡು ಮಲಗಿದ್ರು."

"ಏನು ಉಂಡ್ರು?"

ಕೊಟ್ರಮ್ಮ ಹೋಗಿ ಬಾಗಿಲ ಚಿಲಕ ಹಾಕಿದಳು. ಸಾವಂತ್ರಮ್ಮ ಒತ್ತಾಯಿಸಲಿಲ್ಲ. ಸುಳ್ಳು ಹೇಳುತ್ತಿರುವವರನ್ನು ಒತ್ತಾಯಿಸಿದರೆ ಇನ್ನೊಂದು ಸುಳ್ಳು ಸಿಗುತ್ತದೆ, ಅಷ್ಟೇ.

ನಿದ್ದೆ ಮತ್ತೆ ಹತ್ತಲಿಲ್ಲ. ಚೀಲದಿಂದ ಪ್ರಕರಣದ ಕಾಗದಗಳನ್ನು ತೆಗೆದು, ಚಿಮಣಿ ದೀಪದ ಮುಂದೆ ಒಂದೊಂದಾಗಿ ಓದಿದಳು. ಫೈರ್‌ಮನ್ ಹಾಲಸಿದ್ದಪ್ಪನ ಹೇಳಿಕೆ: ಕಲ್ಲಿದ್ದಲು ಹಾಕಲು ಬಾಗಿದ್ದೆ, ತಲೆ ಎತ್ತಿ ನೋಡಿದಾಗ ಕೆಂಪು ದೀಪ ಪಕ್ಕದಲ್ಲೇ ದಾಟುತ್ತಿತ್ತು, ಕೂಗಿದೆ, ಡ್ರೈವರ್ ಸಾಹೇಬರು ತೂಕಡಿಸುತ್ತಿದ್ದರು. ಈ ಮಾತಿಗಾಗಿ ಕಾಲನಿ ಅವನನ್ನು ದ್ರೋಹಿ ಎಂದಿತ್ತು. ಒಂಬತ್ತು ವರ್ಷ ಒಂದೇ ಬುತ್ತಿ ಉಂಡವನು ಎಂದು ಸಾವಂತ್ರಮ್ಮನೂ ಮನಸ್ಸಿನಲ್ಲಿ ಬೈದಿದ್ದಳು.

ಅದರ ಕೆಳಗೆ ಆಸ್ಪತ್ರೆಯ ಕಾಗದ. ಕುಡಿದಿದ್ದಾನೋ ಎಂದು ನೋಡಲು ಅಂದು ಬೆಳಿಗ್ಗೆ ರಕ್ತ ತೆಗೆದಿದ್ದರು. ಕುಡಿದಿರಲಿಲ್ಲ. ಕೊನೆಯಲ್ಲಿ ಡಾಕ್ಟರು ಒಂದು ಸಾಲು ಬರೆದಿದ್ದರು: ಗಾಯಗಳಿಲ್ಲ, ಎರಡೂ ಕಾಲಿಗೆ ಮೊಣಕಾಲ ಕೆಳಗಿನವರೆಗೆ ಒಣಗಿದ ಕೆಸರು.

ಐದು ಸಲ ಓದಿದ್ದ ಸಾಲು. ಹೆಣ ಎತ್ತಲು ಹಳಿಯ ಪಕ್ಕದ ತಗ್ಗಿಗೆ ಇಳಿದಿರಬೇಕು ಎಂದುಕೊಂಡು ಐದು ಸಲವೂ ಮುಂದೆ ಹೋಗಿದ್ದಳು.

ಆರನೆಯ ಸಲ ಅವಳ ಕಣ್ಣು ಅಲ್ಲೇ ನಿಂತಿತು. ಗೇಟನ್ನು ಅವಳು ಸ್ವತಃ ನೋಡಿ ಬಂದಿದ್ದಳು. ಸುತ್ತ ಕಂಕರು, ಜಾಲಿ, ಬೆರಳು ತೂರುವಷ್ಟು ಬಿರುಕು ಬಿಟ್ಟ ಎರೆ ನೆಲ. ಮಾರ್ಚ್ ತಿಂಗಳು. ಒಂದು ಕೊಡ ನೀರು ಸುರಿದರೂ ಅಲ್ಲಿ ಕೆಸರಾಗುವುದಿಲ್ಲ.

ಕೆಸರು ಬೇಕೆಂದರೆ ಈ ತಿಂಗಳಲ್ಲಿ ಕಾಲುವೆ ನೀರು ಇರುವ ಕಡೆ ಹೋಗಬೇಕು. ಸಿರುಗುಪ್ಪದ ಕಡೆ. ಭತ್ತದ ಗದ್ದೆಗೆ.

ಕೊಟ್ರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ಬೆನ್ನು ನೋಡಿದರೆ ನಿದ್ದೆ ಮಾಡಿಲ್ಲವೆಂದು ತಿಳಿಯುತ್ತಿತ್ತು.

*

ಕುರುಗೋಡಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಡಸಿದ್ದಪ್ಪ ಬೀದಿಗೆ ಬೆನ್ನು ಹಾಕಿ ಕೂತಿದ್ದ. ಮುಂದಿದ್ದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಟ್ಟಿರಲಿಲ್ಲ.

"ತಿನ್ರೀ ಸಾಹೇಬ್ರ," ಎನ್ನುತ್ತಿದ್ದ ಹೋಟೆಲಿನವನು. "ನಾಕು ದಿನದಿಂದ ನನ್ನ ಮಿರ್ಚಿಗೆ ನೀವು ಸಿಗ್ನಲ್ ಕೊಡವಲ್ರಿ. ಊರವ್ರು ನನ್ನ ಎಣ್ಣಿ ಮ್ಯಾಲೆ ಅನುಮಾನ ಪಡ್ತಾರ."

ಸಾವಂತ್ರಮ್ಮ ಬಂದು ಎದುರು ಬೆಂಚಿನಲ್ಲಿ ಕೂತಳು. ಕಾಡಸಿದ್ದಪ್ಪ ಎದ್ದು ನಿಂತ. ಐವತ್ತರ ಹತ್ತಿರದ ಮನುಷ್ಯ. ಬೆಂಕಿ, ಗಾಳಿ, ಎರಡಕ್ಕೂ ಮುಖ ಕೊಟ್ಟು ಕೊಟ್ಟು ಒಂದು ಕಣ್ಣು ಸದಾ ಕಿರಿದಾಗಿರುತ್ತಿತ್ತು.

"ಅಮ್ಮಾರ, ನೀವ್ಯಾಕ ಬರಾಕ ಹೋದ್ರಿ? ಹೇಳಿ ಕಳಿಸಿದ್ರ ನಾನ ಬರ್ತಿದ್ದೆ."

"ಕೂಡ್ರಿ," ಎಂದಳು. ಹೋಟೆಲಿನವನು ಒಲೆಯ ಕಡೆ ಹೋಗುವವರೆಗೆ ಕಾದಳು. "ಆ ರಾತ್ರಿ ಕಾಲ್‌ಬುಕ್ಕಿಗೆ ಯಾರು ಸಹಿ ಹಾಕಿದ್ರು?"

"ಹೇಳೀನಲ್ರಿ. ನಾನ. ಆ ಹಾಳಿ ಅವರು…"

"ಕೊಟ್ರಮ್ಮ ನನ್ನ ಕಣ್ಣ ಮುಂದ ಸಹಿ ಹಾಕಿದ್ಲು. ನಿನ್ನೆ ರಾತ್ರಿ."

ಕಾಡಸಿದ್ದಪ್ಪ ತಿರುಗಿ ಹೋಟೆಲಿನವನು ಎಲ್ಲಿದ್ದಾನೆಂದು ನೋಡಿದ.

"ಕಾಲಿಗೆ ಕೆಸರು ಎಲ್ಲಿಂದ ಬಂತು?"

ಅವನು ತನ್ನ ಕಾಲು ನೋಡಿಕೊಂಡ, ಈಗಲೂ ಅಲ್ಲಿ ಕೆಸರಿದೆಯೋ ಎಂಬಂತೆ.

"ಡಾಕ್ಟರು ಬರದಾರ," ಎಂದಳು ಸಾವಂತ್ರಮ್ಮ. "ಯಾರೂ ಓದಿಲ್ಲ. ನಾನೂ ಓದಿದ್ದಿಲ್ಲ. ಸೋಮವಾರ ಯಾರರೆ ಓದ್ತಾರ."

ಅವನು ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡ. "ಕರೂರಾಗ ಎರಡು ಎಕರೆ ಗದ್ದಿ ಮಾಡೀನಿ. ಗುತ್ತಿಗಿ. ಎಂಟು ದಿನಕ್ಕೊಮ್ಮೆ ನೀರಿನ ಪಾಳಿ. ಈ ಸಲ ಪಾಳಿ ಅವತ್ತು ಬಿತ್ತು. ಮಧ್ಯಾಹ್ನ ಮೂರಕ್ಕ ಗಾಡಿ ಇಳದೆ, ಮೂರೂವರೆ ಬಸ್ಸಿಗೆ ಸಿರುಗುಪ್ಪಕ್ಕ ಹೋದೆ. ಅಲ್ಲಿಂದ ಕರೂರು. ರಾತ್ರಿ ಹತ್ತು ಗಂಟಿ ತನಕ ನೀರು ಕಟ್ಟಿ, ಭತ್ತದ ಲಾರಿ ಹತ್ತಿ ಬಂದೆ. ಮನಿ ಮುಟ್ಟಿದಾಗ ಒಂದು ಗಂಟಿ. ಆಕಿ ಆಗಲೇ ಸಹಿ ಹಾಕಿದ್ಲು. ಕಾಲು ತೊಳಿಯಾಕೂ ಹೊತ್ತಿದ್ದಿಲ್ಲ."

"ಒಂದು ತಾಸೂ ಮಲಗಿಲ್ಲ."

"ಇಲ್ಲ."

"ಪುಸ್ತಕದಾಗ ಒಂಬತ್ತು ತಾಸು ವಿಶ್ರಾಂತಿ ಅಂತ ಐತಿ. ಅದು ಖರೆ."

"ಖರೆ. ರೈಲ್ವೆದವ್ರು ಕೊಟ್ಟಿದ್ರು. ನಾ ಗದ್ದಿಗೆ ಕೊಟ್ಟೆ."

ಸಾವಂತ್ರಮ್ಮನ ಎದುರು ಚಹಾ ಬಂತು. ಅವಳು ಲೋಟವನ್ನು ಮುಟ್ಟಲಿಲ್ಲ.

"ನನಗ್ಯಾಕ ಸುಳ್ಳು ಹೇಳಿದ್ರಿ?"

"ನಾ ಹೇಳ್ಲಿಲ್ಲ ಅಮ್ಮಾರ." ಅವನು ಧ್ವನಿ ಏರಿಸಲಿಲ್ಲ. "ನೀವು ಹೇಳಿದ್ರಿ. ನಾ ಹೂಂ ಅಂದೆ."

"ಏನಂದ್ರಿ?"

"ನೆನಪು ಮಾಡ್ಕೊಳ್ರಿ. ನೀವು ಪುಸ್ತಕ ನೋಡ್ಕೊಂಡು ಮೊದಲ ದಿನ ಮನಿಗೆ ಬಂದು ಕುಂತ್ರಿ. ನಾ ಎಲ್ಲಾ ಹೇಳ್ಬೇಕಂತ ಬಾಯಿ ತಗದಿದ್ದೆ. ನೀವು ಆ ಸಹಿ ವಿಚಾರ ತಗದ್ರಿ. 'ಇದು ನಿಮ್ಮ ಸಹಿ ಅಲ್ಲ, ನನಗ ಗೊತ್ತೈತಿ. ವಿಶ್ರಾಂತಿ ಸಾಲದು ಅಂತ ನೀವು ಬರದಿರಬೇಕು, ಅದಕ್ಕ ಹಾಳಿ ಬದಲಿ ಮಾಡ್ಯಾರ, ಹೌದಲ್ಲೋ?' ಅಂದ್ರಿ. ಹಂಗ ಅಂದೋರು ನೀವೊಬ್ರ. ಬ್ಯಾರೆಯವ್ರೆಲ್ಲಾ ನೀ ಕೊಂದಿ ಅಂದಿದ್ರು."

ಅವಳಿಗೆ ನೆನಪಿತ್ತು. ಮಾತಿನ ಕೊನೆಯ 'ಹೌದಲ್ಲೋ' ಕೂಡ ನೆನಪಿತ್ತು. ಹೂಂ ಎನ್ನುವ ಮೊದಲು ಅವನು ಹೆಂಡತಿಯ ಕಡೆ ನೋಡಿದ್ದು ಮಾತ್ರ ಈಗ ನೆನಪಾಯಿತು.

"ನಾ ಕೇಳಿದ್ದು ತಪ್ಪು ಅಂತ ಇಟ್ಕೊಳ್ರಿ," ಎಂದಳು. "ಆಮೇಲೆ ಹತ್ತು ದಿನ ಇತ್ತು. ನೀವು ಊರು ಬಿಡೋ ತನಕ ದಿನಾ ಬಂದೀನಿ. ನಿಮ್ಮ ಸಲುವಾಗಿ ಮಂದಿ ಮ್ಯಾಲೆ ಅನುಮಾನ ಪಟ್ಟೀನಿ. ಹಾಲಸಿದ್ದಪ್ಪನ್ನ ಮಾತಾಡ್ಸೋದು ಬಿಟ್ಟೀನಿ. ಆ ಹುಡುಗ ಖರೆ ಹೇಳಿದ್ದ."

"ಖರೆ ಹೇಳಿದ. ನಾ ಅವಗ ಬೈದಿಲ್ಲ. ಬೈದೋರು ಕಾಲನಿಯವ್ರು."

"ನೀವು ತಡೀಲಿಲ್ಲ."

"ಇಲ್ಲ. ತಡೀಲಿಲ್ಲ." ಅವನು ಮಿರ್ಚಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅವತ್ತು ಏನಾತು ಅಂತ ನನ್ನ ಯಾರೂ ಕೇಳಿಲ್ಲ ಅಮ್ಮಾರ. ಆರು ಸಲ ಹೇಳಿಕಿ ತಗೊಂಡ್ರು. ವೇಗ ಎಷ್ಟು, ದೀಪ ಎಷ್ಟು ದೂರ, ಬ್ರೇಕ್ ಎಲ್ಲಿ ಹಾಕಿದಿ. ಆ ಹೆಣ್ಮಗಳು ಎಂಜಿನ್ ಕೆಳಗ ಇನ್ನ ಉಸಿರಾಡ್ತಿದ್ಲು. ನಾ ಕೆಳಗ ತೂರಿ ಕೈ ಹಿಡಕೊಂಡಿದ್ದೆ. ಮ್ಯಾಲೆ ಹಾಲಸಿದ್ದಪ್ಪ ಬೆಂಕಿ ಆರದಂಗ ನೋಡ್ಕೊತಿದ್ದ, ಬೆಂಕಿ ಆರಿದ್ರ ಗಾಡಿ ಅಲ್ಲೇ ನಿಲ್ತೈತಿ ಅಂತ. ಆಕಿ ಕೈ ತಣ್ಣಗಾದ ಮ್ಯಾಲೆ ಹೊರಗ ಬಂದೆ. ಬ್ಯಾರೆ ಡ್ರೈವರ್ ಇಲ್ಲ, ನೀನ ಮುಂದಿನ ಟೇಷನ್ ತನಕ ಒಯ್ಯಿ ಅಂದ್ರು. ಒಯ್ದೆ. ಅದ ಎಂಜಿನ್, ಅದ ಕೈ. ಅಲ್ಲಿ ಇಳಿಸಿ, ಕುಡದಾನೇನು ಅಂತ ಬಾಯಿ ಮೂಸಿದ್ರು. ಒಂದು ಲೋಟ ನೀರು ಕೇಳಿದೆ. ರಕ್ತ ತಗೊಳೋ ತನಕ ಏನೂ ಕುಡೀಬಾರದು ಅಂದ್ರು. ಹನ್ನೊಂದು ಗಂಟಿ ತನಕ."

ಇದೂ ನಿಜವಾಗಿತ್ತು. ಅವನ ಸುಳ್ಳಿನಷ್ಟೇ ನಿಜ.

"ಆ ಹೊತ್ತಿನ್ಯಾಗ ನೀವು ಬಂದು, ನಿಮ್ಮ ತಪ್ಪಲ್ಲ ಅಂದ್ರಿ," ಎಂದ. "ಹೂಂ ಅನ್ನದ ಏನಂತಿದ್ದೆ?"

"ಸುಂಕಣ್ಣ ಸಸ್ಪೆಂಡ್ ಆಗ್ಯಾನ. ಗೊತ್ತೈತೇನು?"

ಕಾಡಸಿದ್ದಪ್ಪನ ಕಿರಿದಾದ ಕಣ್ಣು ಪೂರ್ತಿ ತೆರೆಯಿತು. "ಯಾವಾಗ?"

"ನಿನ್ನೆ ಸಂಜಿ. ಹಾಳಿ ಬದಲಿ ಮಾಡ್ಯಾನ ಅಂತ ಯಾರೋ ಅರ್ಜಿ ಹಾಕ್ಯಾರ."

ಯಾರೋ ಎಂಬ ಶಬ್ದ ಅವಳ ಬಾಯಿಂದ ಎಷ್ಟು ಸರಾಗವಾಗಿ ಬಂತೆಂದರೆ, ಅವಳೇ ಒಂದು ಕ್ಷಣ ಹೆದರಿದಳು.

"ನಾ ಅವನ ಹೆಸರು ಎತ್ತಿಲ್ಲ," ಎಂದ ಕಾಡಸಿದ್ದಪ್ಪ. "ದೇವರಾಣಿ ಎತ್ತಿಲ್ಲ. ಅಮ್ಮಾರ, ನನ್ನ ನೀರಿನ ಪಾಳಿ ಗೊತ್ತಿರೋನು ಅವನೊಬ್ಬನ. ಪಾಳಿ ಇದ್ದ ದಿನ ನನಗ ದೊಡ್ಡ ರೆಸ್ಟ್ ಬರೋ ಹಂಗ ಗಾಡಿ ಹೊಂದಿಸಿ ಕೊಡ್ತಿದ್ದ. ಎರಡು ವರ್ಷದಿಂದ. ಒಂದು ಕಪ್ ಚಹಾ ಸೈತ ಕುಡದಿಲ್ಲ ನನ್ನ ಕಡೆಯಿಂದ. ರಿಟೈರಾದ ದಿನ ಕ್ವಾರ್ಟರ್ಸ್ ಕೀಲಿ ಕೊಟ್ಟ ಮ್ಯಾಲೆ ನೀ ನಿಲ್ಲಾಕ ಒಂದು ನೆಲ ಬೇಕಲ್ಲೋ ಅಂತಿದ್ದ."

"ಅಂದ್ರ ಅವನು ಒಂದು ಮಾತು ಹೇಳಿದ್ರ ಪಾರಾಗ್ತಾನ."

"ಆಗ್ತಾನ. ಆ ರಾತ್ರಿ ಕಾಡಸಿದ್ದಪ್ಪ ಮನ್ಯಾಗ ಇದ್ದಿಲ್ಲ, ಕರೂರಾಗ ಇದ್ದ, ಸಹಿ ಹೆಂಡ್ತೀದು ಅಂದ್ರ ಮುಗೀತು. ಅವನ ಮ್ಯಾಲಿಂದು ಬಿದ್ದು ಹೋಗ್ತೈತಿ. ಆದರ ಹೇಳಂಗಿಲ್ಲ. ನನ್ನ ನೌಕರಿ ಹೋಗ್ತೈತಿ ಅಂತ ಹೇಳಂಗಿಲ್ಲ."

"ಹಂಗಾದ್ರ ನೀವು ಹೇಳ್ರಿ."

ಬಸ್ಸೊಂದು ಬಂದು ನಿಂತಿತು. ಕಂಡಕ್ಟರ್ ಬಳ್ಳಾರಿ ಬಳ್ಳಾರಿ ಎಂದು ಕೂಗಿದ. ಕಾಡಸಿದ್ದಪ್ಪ ತಲೆ ತಗ್ಗಿಸಿ ಬೆಂಚಿನ ಹಲಗೆಯ ಒಂದು ಸಿಬಿರನ್ನು ಉಗುರಿನಿಂದ ಕೀಳುತ್ತ ಕೂತ.

"ನನ್ನ ಬಾಯಿಂದ ಬರಂಗಿಲ್ಲ," ಎಂದ ಕೊನೆಗೆ. "ಹೇಳಿದ್ರ ಜೈಲು. ನೀವು ಹೇಳ್ತೀನಂದ್ರ ಹೇಳ್ರಿ. ನಾ ಇಲ್ಲ ಅನ್ನಂಗಿಲ್ಲ. ನಿಮ್ಮ ಮ್ಯಾಲೆ ಸಿಟ್ಟೂ ಆಗಂಗಿಲ್ಲ."

"ಎಲ್ಲಾ ನನ್ನ ಮ್ಯಾಲೆ ಹಾಕಿದ್ರಿ."

"ನೀವ ನನ್ನ ಕಡೆ ಮಾತಾಡೋರು, ಅಮ್ಮಾರ," ಎಂದ ಕಾಡಸಿದ್ದಪ್ಪ. ಅದರಲ್ಲಿ ಕೊಂಕಿತ್ತೋ ದೈನ್ಯವಿತ್ತೋ ಅವಳಿಗೆ ಗೊತ್ತಾಗಲಿಲ್ಲ.

*

ಬಸ್ಸಿನಲ್ಲಿ ಅವಳು ಲೆಕ್ಕ ಹಾಕಿದಳು. ಸತ್ಯ ಹೇಳಿದರೆ, ತಾನು ಯಾರ ಪರ ನಿಂತಿದ್ದಾಳೋ ಅವನನ್ನೇ ತನ್ನ ಕೈಯಾರೆ ಜೈಲಿಗೆ ನೂಕಿದಂತೆ. ಹೇಳದಿದ್ದರೆ, ಏನೂ ಮಾಡದ ಒಬ್ಬ ಮನುಷ್ಯ ಕಳ್ಳನೆನಿಸಿಕೊಂಡು ಮನೆಯಲ್ಲಿ ಕೂರುತ್ತಾನೆ. ಅವನನ್ನು ಕೂರಿಸಿದವಳು ತಾನು.

ಮೂರನೆಯ ದಾರಿಯೂ ಇತ್ತು. ಆ ಅರ್ಜಿ ನನ್ನದು, ನನಗೆ ತಪ್ಪು ತಿಳಿವಳಿಕೆಯಾಗಿತ್ತು ಎಂದು ವಿಜಿಲೆನ್ಸಿನವರ ಮುಂದೆ ಹೋಗಿ ನಿಲ್ಲುವುದು. ತಪ್ಪೆಂದು ಈಗ ಹೇಗೆ ಗೊತ್ತಾಯಿತು ಎಂದು ಅವರು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಿದರೆ ಮತ್ತೆ ಮೊದಲನೆಯ ದಾರಿಗೇ ಬಂದು ನಿಲ್ಲಬೇಕು.

ದೂರದಲ್ಲಿ ಬಳ್ಳಾರಿಯ ಕೋಟೆ ಗುಡ್ಡ ಕಂಡಾಗಲೂ ಅವಳು ಏನನ್ನೂ ನಿರ್ಧರಿಸಿರಲಿಲ್ಲ. ಭಾನುವಾರ ಒಂದು ದಿನವಿದೆ, ಯೋಚಿಸೋಣ ಎಂದುಕೊಂಡಳು.

ಕೌಲ್ ಬಜಾರಿನ ಅವಳ ಮನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬಿಸಿಲಿಗೆ ಸೆರಗು ತಲೆ ಮೇಲೆ ಎಳೆದುಕೊಂಡಿದ್ದಳು. ಸಾವಂತ್ರಮ್ಮನನ್ನು ಕಂಡು ಎದ್ದಳು.

"ನೀವ ಏನ್ರಿ ಸಾವಂತ್ರಮ್ಮಾರು? ನಾ ವಿರೂಪಮ್ಮ. ಸುಂಕಣ್ಣನ ಮನಿಯಾಕಿ."

ಬೀಗದ ಕೈ ಸಾವಂತ್ರಮ್ಮನ ಬೆರಳುಗಳ ನಡುವೆ ನಿಂತಿತು.

"ಬೆಳಿಗ್ಗಿಂದ ಕುಂತೀನಿ. ಎದುರು ಮನಿಯವ್ರು ಎರಡು ಸಲ ಚಹಾ ಕೊಟ್ರು, ಪಾಪ. ಯಾರು ಏನು ಅಂತ ಕೇಳಿದ್ರು, ದೂರದ ಬೀಗತಿ ಅಂದೆ. ತಪ್ಪು ತಿಳೀಬ್ಯಾಡ್ರಿ."

"ಏನಾಗಬೇಕಿತ್ತು?" ಎಂದಳು ಸಾವಂತ್ರಮ್ಮ.

"ನಮ್ಮನಿಯವ್ರನ್ನ ನಿನ್ನೆ ಮನಿಗೆ ಕಳಿಸ್ಯಾರ. ಷೆಡ್ಡಿನ್ಯಾಗ ಸ್ಟೂಲ್ ಮ್ಯಾಲೆ ನಾಕು ತಾಸು ಕುಂದ್ರಿಸಿ, ಕೇಳಿದ್ದನ್ನ ಕೇಳಿದ್ರಂತ. ಹಾಳಿ ಎಲ್ಲಿ ಬಚ್ಚಿಟ್ಟಿ ಅಂತ. ಇಲ್ಲದ ಹಾಳಿ ಎಲ್ಲಿಂದ ತರ್ತಾರ ಅವರು? ಬಂದಾಗಿಂದ ಉಂಡಿಲ್ಲ. ನಾ ಕೇಳಿದೆ, ನಿಮಗೇನರೆ ಗೊತ್ತಿದ್ರ ಹೇಳಿಬಿಡ್ರಿ ಅಂದೆ. ನನಗೇನೂ ಗೊತ್ತಿಲ್ಲ ಅಂದ್ರು. ಗೊತ್ತೈತಿ ಅಮ್ಮಾರ. ಇಪ್ಪತ್ತೆರಡು ವರ್ಷ ಸಂಸಾರ ಮಾಡೀನಿ, ಗೊತ್ತಿದ್ದು ಹೇಳವಲ್ರು ಅಂತ ನನಗ ಗೊತ್ತಾಗಂಗಿಲ್ಲೇನು?"

ಸಾವಂತ್ರಮ್ಮ ಬಾಗಿಲು ತೆರೆದಳು. ಒಳಗೆ ಬರ್ರಿ ಎನ್ನಲಿಲ್ಲ.

"ಇವತ್ತು ಬೆಳಕು ಹರಿಯಾಕ ನನ್ನ ಎಬ್ಬಿಸಿದ್ರು. ವಿಚಾರಣಿ ಆದ್ರ ನನ್ನ ಕಡೆ ಮಾತಾಡೋರು ಒಬ್ರು ಬೇಕು, ಸಾವಂತ್ರಮ್ಮಾರನ್ನ ಕೇಳ್ಕೊಂಡು ಬಾ ಅಂದ್ರು. ಅವರು ಕಾಡಸಿದ್ದಪ್ಪನ ಕಡೆ ಅದಾರಲ್ಲ, ನಮ್ಮ ಕಡೆ ಬರ್ತಾರೇನು ಅಂದೆ. ಆ ಯಮ್ಮ ಮನುಷ್ಯರ ಕಡೆ ನೋಡಂಗಿಲ್ಲ, ಕಾಗದದ ಕಡೆ ನೋಡ್ತಾಳ, ಹೋಗು ಅಂದ್ರು." ವಿರೂಪಮ್ಮ ಸ್ವಲ್ಪ ನಕ್ಕಳು. "ಹೊಗಳಿದ್ರೋ ಬೈದ್ರೋ ನನಗೂ ತಿಳೀಲಿಲ್ಲ."

ಅವಳು ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಚಿದ ಒಂದು ಕಾಗದ ತೆಗೆದಳು.

"ಅದ ಅರ್ಜಿ. ವಿಜಿಲೆನ್ಸಿನವ್ರು ಷೆಡ್ಡಿಗೆ ಒಂದು ಕಾರ್ಬನ್ ಪ್ರತಿ ಕೊಟ್ಟು ಹೋದ್ರಂತ. ಫೋರ್‌ಮನ್ ಸಾಹೇಬ್ರು ಕರುಣಿ ಮಾಡಿ ಕೊಟ್ರು. ನಮ್ಮನಿಯವ್ರು ರಾತ್ರೆಲ್ಲಾ ಇದನ್ನ ನೋಡ್ಕೊಂತ ಕುಂತಿದ್ರು. ಒಂದು ಅಕ್ಷರ ಸಾಲಿನಿಂದ ಕೆಳಗ ಜಾರೇತಂತ, ಎಲ್ಲಾ ಕಡೆ ಹಂಗ ಐತಂತ. ಅಂಥಾ ಮಷೀನ್ ಯಾವ ಆಫೀಸಿನ್ಯಾಗ ಐತಿ ಅಂತ ಹುಡುಕಿದ್ರ ಬರದೋರು ಸಿಗ್ತಾರ, ಅದನ್ನ ಸಾವಂತ್ರಮ್ಮಾರ ಹುಡುಕಬೇಕು ಅಂದ್ರು."

ಸಾವಂತ್ರಮ್ಮ ಕಾಗದ ತೆಗೆದುಕೊಂಡು ಬಿಚ್ಚಿದಳು. ಜಾರಿದ ಅಕ್ಷರದ ಸುತ್ತ, ಹನ್ನೊಂದು ಕಡೆ, ಕೆಂಪು ಶಾಯಿಯಲ್ಲಿ ಪುಟ್ಟ ಪುಟ್ಟ ಸುತ್ತುಗಳು. ಗುಮಾಸ್ತನ ಅಚ್ಚುಕಟ್ಟು. ಒಂದೂ ಬಿಟ್ಟಿರಲಿಲ್ಲ.

ಷೆಡ್ಡಿಗೆ ಬರುವ ರಜೆಯ ಆದೇಶಗಳೆಲ್ಲ ಅವಳ ಆಫೀಸಿನ ಆ ಒಂದೇ ಮಷೀನಿನಲ್ಲಿ ಟೈಪಾಗುತ್ತಿದ್ದವು. ವಾರಕ್ಕೆ ಹತ್ತಾದರೂ ಸುಂಕಣ್ಣನ ಮೇಜಿಗೆ ಹೋಗುತ್ತಿದ್ದವು. ಆ ಜಾರಿದ ಅಕ್ಷರವನ್ನು ವರ್ಷಗಟ್ಟಲೆ ಓದಿದವನಿಗೆ, ಮಷೀನ್ ಯಾವುದೆಂದು ಇನ್ನೊಬ್ಬರು ಹುಡುಕಿ ಹೇಳಬೇಕೆ?

ಅವಳು ತಲೆ ಎತ್ತಿದಳು. ವಿರೂಪಮ್ಮನ ಮುಖದಲ್ಲಿ ದಣಿವಿನ ಹೊರತು ಏನೂ ಇರಲಿಲ್ಲ. ಗೊತ್ತಿದ್ದರೆ ಅವನಿಗೆ ಗೊತ್ತು, ಇವಳಿಗೆ ಗೊತ್ತಿಲ್ಲ.

"ಅವರು ಮತ್ತೇನರೆ ಹೇಳಿದ್ರೇನು?"

"ಹೇಳಿದ್ರು. ಕಾಗದ ಕೊಡು, ಕೊಟ್ಟು ಅವರ ಬಾಯಿಂದ ಏನು ಬರ್ತೈತಿ ಅದನ್ನ ಹಂಗ ಬಂದು ನನಗ ಹೇಳು, ಒಂದು ಅಕ್ಷರ ಬಿಡಬ್ಯಾಡ ಅಂದ್ರು."

ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಸಾವಂತ್ರಮ್ಮ ವಿರೂಪಮ್ಮನನ್ನು ಒಳಗೆ ಕರೆದು, ಮಣೆ ಕೊಟ್ಟು, ನೀರು ಕೊಟ್ಟಳು. ಅವಳು ಲೋಟ ಎತ್ತಿ ಗಟಗಟ ಕುಡಿಯುವಷ್ಟು ಹೊತ್ತು ಮಾತ್ರ ಸಮಯವಿತ್ತು. ಈಗ ಹೇಳಿದರೆ ಈ ಹೆಂಗಸಿನ ಗಂಡ ಇಂದು ರಾತ್ರಿ ಊಟ ಮಾಡುತ್ತಾನೆ. ಕುರುಗೋಡಿನಲ್ಲಿ ಬೀದಿಗೆ ಬೆನ್ನು ಹಾಕಿ ಕೂತವನು ಇನ್ನೆಂದೂ ಎದ್ದು ತಿರುಗುವುದಿಲ್ಲ. ಮತ್ತು ಹದಿನೈದು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಗುಮಾಸ್ತೆಯೊಬ್ಬಳು ಸೋಮವಾರ ಆಫೀಸಿಗೆ ಹೇಗೆ ಹೋಗುತ್ತಾಳೋ ಅವಳಿಗೆ ತಿಳಿಯದು. ಈ ಮೂರರಲ್ಲಿ ತನ್ನನ್ನು ನಿಜವಾಗಿ ತಡೆಯುತ್ತಿರುವುದು ಕೊನೆಯದೇ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ವಿರೂಪಮ್ಮ ಲೋಟ ಕೆಳಗಿಟ್ಟಳು. "ಏನಂತ ಹೇಳ್ಲಿ ಅಮ್ಮಾರ?"

"ಮಷೀನ್ ಹುಡುಕೋದು ಸುಲಭ ಅಲ್ಲ," ಎಂದಳು ಸಾವಂತ್ರಮ್ಮ, ಒಂದೊಂದೇ ಶಬ್ದ ಆರಿಸಿ. "ಆದರ ನಾ ಅವರ ಕಡೆ ಮಾತಾಡ್ತೀನಿ. ಊಟ ಮಾಡಾಕ ಹೇಳ್ರಿ."

ವಿರೂಪಮ್ಮ ಬಾಗಿ ಅವಳ ಕಾಲು ಮುಟ್ಟಿದಳು. ಸಾವಂತ್ರಮ್ಮ ಹಿಂದೆ ಸರಿಯಲಿಲ್ಲ.

ವಿರೂಪಮ್ಮ ಓಣಿಯ ತಿರುವು ದಾಟಿದ ಮೇಲೆ ಸಾವಂತ್ರಮ್ಮ ಬಾಗಿಲು ಹಾಕಿ, ಕಾಗದವನ್ನು ಹಿಡಿದುಕೊಂಡೇ ಕೂತಳು. ಕಾಡಸಿದ್ದಪ್ಪ ಹೇಳುವುದಿಲ್ಲ. ಕೊಟ್ರಮ್ಮ ಹೇಳುವುದಿಲ್ಲ. ಓಬಣ್ಣ ತಾನಾಗಿ ಹೇಳುವುದಿಲ್ಲ. ಸುಂಕಣ್ಣ ಎಲ್ಲ ತಿಳಿದೂ, ಎಲ್ಲರಿಗಾಗಿ, ಬಾಯಿ ಮುಚ್ಚಿ ಕೂತಿದ್ದಾನೆ. ಉಳಿದವಳು ತಾನೊಬ್ಬಳು.

ಅವಳೂ ಹೇಳುವುದಿಲ್ಲ. ಯಾರಿಗೂ.